ಗಿಟಾರ್‌ಗೆ ಸನ್‌ಬರ್ಸ್ಟ್ ಹೊಡೆಯುವಾಗ ಕಣ್ಣು ಎಲ್ಲಿರಬೇಕು

ಸನ್‌ಬರ್ಸ್ಟ್ ಅಂದರೆ ನಡುವೆ ಹಳದಿ, ಸುತ್ತ ಕಪ್ಪು, ಅಷ್ಟೇ ಅಲ್ವಾ? ಹಾಗಂದುಕೊಂಡು ಎರಡು ಸ್ಪ್ರೇ ಡಬ್ಬಿ ತಂದು ಹೊಡೆದರೆ ಆಗುವುದು ಬೇರೆಯೇ. ಕಣ್ಣಿಗೆ ಕಾಡಿಗೆ ತೀಡಿದ ಹಾಗೆ ಬಾಡಿಯ ಸುತ್ತ ಒಂದು ದಪ್ಪ ಕಪ್ಪು ಗೆರೆ, ಒಳಗೆ ಜೀವವಿಲ್ಲದ ಹಳದಿ. ಹಳದಿ ಎಷ್ಟು ಚೆನ್ನಾಗಿದೆ, ಕಪ್ಪು ಎಷ್ಟು ಚೆನ್ನಾಗಿದೆ ಅನ್ನುವುದು ಆಮೇಲಿನ ಮಾತು. ಇವೆರಡರ ನಡುವೆ ಮೂರ್ನಾಲ್ಕು ಸೆಂಟಿಮೀಟರ್ ಅಗಲದ ಒಂದು ಪಟ್ಟಿ ಇರುತ್ತದಲ್ಲ, ಇಡೀ ಗಿಟಾರ್‌ನ ಅಂದ ನಿಂತಿರುವುದು ಅದರ ಮೇಲೆ. ಒಂದು ಬಣ್ಣ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲು ಆಗಬಾರದು.

ಸ್ಪ್ರೇ ಗನ್ ಹಿಡಿಯುವ ಮೊದಲು ಹಳೆಯ ಗಿಟಾರ್‌ಗಳ ಫೋಟೋಗಳನ್ನು ನಿಧಾನವಾಗಿ ನೋಡಿ. ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಗಿಟಾರ್ 1954ರಲ್ಲಿ ಬಂದಾಗ ಬರ್ಸ್ಟ್‌ನಲ್ಲಿ ಎರಡೇ ಬಣ್ಣ ಇದ್ದವು. 1958ರ ಹೊತ್ತಿಗೆ ಹಳದಿಗೂ ಕಪ್ಪಿಗೂ ನಡುವೆ ಕೆಂಪು ಸೇರಿತು. ಅದೇ ವರ್ಷ ಗಿಬ್ಸನ್ ಕಂಪನಿ ಕೂಡ ತನ್ನ ಲೆಸ್ ಪಾಲ್ ಗಿಟಾರ್‌ನ ಚಿನ್ನದ ಬಣ್ಣ ಬಿಟ್ಟು ಚೆರ್ರಿ ಸನ್‌ಬರ್ಸ್ಟ್ ಹಿಡಿಯಿತು. 1958ರಿಂದ 1960ರ ನಡುವಿನ ಈ ಲೆಸ್ ಪಾಲ್‌ಗಳಲ್ಲಿ ಬಹಳಷ್ಟರ ಕೆಂಪು ಬೆಳಕಿಗೆ ನಿಲ್ಲಲಿಲ್ಲ. ಕೆಲವು ಜೇನಿನ ಬಣ್ಣಕ್ಕೆ ತಿರುಗಿದವು, ಕೆಲವು ಚಹಾದ ಬಣ್ಣಕ್ಕೆ, ಕೆಲವು ಬರೀ ನಿಂಬೆ ಹಳದಿಗೆ. ಇವತ್ತು ಸಂಗ್ರಹಕಾರರು ಹುಚ್ಚು ಹಿಡಿದವರಂತೆ ಹೀಗೆ ಮಾಸಿದವನ್ನೂ ಹುಡುಕುತ್ತಾರೆ. ಇನ್ನೊಂದು ಕಡೆ 1960ರ ದಶಕದ ನಡುಭಾಗದ ಕೆಲವು ಫೆಂಡರ್‌ಗಳನ್ನು ನೋಡಿ: ಹಳದಿ, ಕೆಂಪು, ಕಪ್ಪು ಬೇರೆ ಬೇರೆ ಬಳೆಗಳಂತೆ ಕಾಣುತ್ತವೆ. ಅವಕ್ಕೆ ಟಾರ್ಗೆಟ್ ಬರ್ಸ್ಟ್ ಅಂತಲೇ ಹೆಸರು ಬಿದ್ದಿದೆ. ಇಷ್ಟಪಡುವವರು ಇದ್ದಾರೆ, ನನಗಂತೂ ಹಿಡಿಸುವುದಿಲ್ಲ.

ಈಗ ಮರದ ಕೆಲಸ. 150ರಿಂದ ಶುರುಮಾಡಿ 220ರ ಸ್ಯಾಂಡ್ ಪೇಪರ್‌ವರೆಗೆ ನಾರಿನ ದಿಕ್ಕಿನಲ್ಲೇ ಉಜ್ಜಿ. ಅಡ್ಡ ಉಜ್ಜಿದ ಗೀರು ಬರಿಗಣ್ಣಿಗೆ ಕಾಣದಿದ್ದರೂ ಡೈ (ಮರದೊಳಗೆ ಇಳಿಯುವ ಕರಗಿದ ಬಣ್ಣ) ಬಿದ್ದ ಕೂಡಲೇ ಕಪ್ಪು ಗೆರೆಯಾಗಿ ಎದ್ದು ಕೂರುತ್ತದೆ. ಜಾಸ್ತಿ ನುಣುಪು ಮಾಡಲು ಹೋಗಬೇಡಿ, ಮರ ಬಣ್ಣ ಕುಡಿಯುವುದೇ ಕಡಿಮೆಯಾಗುತ್ತದೆ. ಆಮೇಲೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ, ಒಣಗಲು ಬಿಟ್ಟು, ಎದ್ದ ನಾರನ್ನು ಹಗುರವಾಗಿ ಉಜ್ಜಿ ತೆಗೆಯಿರಿ. ಒರೆಸುವಾಗಲೇ ಗೋಂದಿನ ಕಲೆಗಳೂ ಕಾಣುತ್ತವೆ, ಆ ಜಾಗ ಮಾತ್ರ ಬಿಳಿಚಿಕೊಂಡಿರುತ್ತದೆ. ಅದನ್ನು ಈಗ ಕೆರೆದು ತೆಗೆಯದಿದ್ದರೆ ಮುಂದೆ ಯಾವ ಬಣ್ಣವೂ ಅಲ್ಲಿ ಹಿಡಿಯುವುದಿಲ್ಲ. ಆಶ್ ಮರವಾದರೆ ರಂಧ್ರಗಳು ದೊಡ್ಡವು, ಅವನ್ನು ತುಂಬುವ ಗ್ರೇನ್ ಫಿಲ್ಲರ್ ಬೇಕೇ ಬೇಕು. ಆಲ್ಡರ್‌ಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಫ್ಲೇಮ್ ಮೇಪಲ್ (ಪಟ್ಟೆ ಪಟ್ಟೆಯಾಗಿ ಕಾಣುವ ಮೇಪಲ್ ಮರ) ಸಿಕ್ಕಿದ್ದರೆ ಒಂದು ಹೆಜ್ಜೆ ಜಾಸ್ತಿ. ಮೊದಲು ಇಡೀ ಮೇಲ್ಮೈಗೆ ತೆಳುವಾದ ಕಂದು ಡೈ ಹಚ್ಚಿ, ಒಣಗಿಸಿ, ಮತ್ತೆ ಉಜ್ಜಿ. ಬಣ್ಣ ಆಳಕ್ಕೆ ಇಳಿದ ಪಟ್ಟೆಗಳಲ್ಲಿ ಮಾತ್ರ ಕಂದು ಉಳಿಯುತ್ತದೆ, ಮಿಕ್ಕ ಕಡೆ ಹೋಗುತ್ತದೆ. ಅದರ ಮೇಲೆ ಹಳದಿ ಬಿದ್ದಾಗ ಗಿಟಾರನ್ನು ಆಚೀಚೆ ತಿರುಗಿಸಿದರೆ ಪಟ್ಟೆಗಳು ಬೆಳಕಿನಲ್ಲಿ ಹೊರಳಿದಂತೆ ಕಾಣುತ್ತವೆ. ಇಷ್ಟು ಒಳ್ಳೆಯ ಮರ ಇಟ್ಟುಕೊಂಡು ಪಿಗ್ಮೆಂಟ್ ಪೇಂಟ್ ಹೊಡೆಯುವವರನ್ನು ಕಂಡರೆ ಸಂಕಟವಾಗುತ್ತದೆ. ಡೈ ಕರಗುತ್ತದೆ, ಬೆಳಕನ್ನು ಒಳಗೆ ಬಿಡುತ್ತದೆ. ಪಿಗ್ಮೆಂಟ್ ಪುಡಿ, ಮರವನ್ನು ಮುಚ್ಚುತ್ತದೆ. ನಡುವಿಗೂ ಪಟ್ಟಿಗೂ ಡೈ ಮಾತ್ರ. ಹೊರ ಅಂಚಿನಲ್ಲಿ ಮರದ ತುಂಡುಗಳ ಜೋಡಣೆ ಮುಚ್ಚಬೇಕಿದ್ದರೆ ಅಲ್ಲಿ ಪಿಗ್ಮೆಂಟ್ ಇರಲಿ, ಪರವಾಗಿಲ್ಲ.

ಬಣ್ಣ ಯಾವಾಗಲೂ ತಿಳಿಯಿಂದ ಗಾಢಕ್ಕೆ. ಹಳದಿಯನ್ನು ಇಡೀ ಬಾಡಿಗೆ ಕೊಡಿ, ಅಂಚನ್ನೂ ಬಿಡಬೇಡಿ. ಅದರ ಮೇಲೆ ಎರಡು ತೆಳು ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಲ್ಯಾಕರ್‌ನ (ವಾರ್ನಿಶ್‌ನಂಥದ್ದು) ಪದರ. ಮುಂದೆ ಬರುವ ಕಂದು, ಕೆಂಪನ್ನು ಡೈ ಬೆರೆಸಿದ ಲ್ಯಾಕರ್ ಆಗಿ ಈ ಕ್ಲಿಯರ್ ಮೇಲೆ ಹೊಡೆದರೆ, ಏನಾದರೂ ಎಡವಟ್ಟಾದಾಗ ಅಷ್ಟನ್ನು ಮಾತ್ರ ಉಜ್ಜಿ ತೆಗೆಯಬಹುದು, ಕೆಳಗಿನ ಹಳದಿಗೆ ಏನೂ ಆಗುವುದಿಲ್ಲ. ನೇರ ಮರಕ್ಕೇ ಎಲ್ಲವನ್ನೂ ಹಚ್ಚಿದರೆ ಈ ಅವಕಾಶ ಇರುವುದಿಲ್ಲ.

ಇನ್ನು ಹಸಿರಿನ ಕಾಟ. ಹಳದಿಯ ಮೇಲೆ ಶುದ್ಧ ಕಪ್ಪನ್ನು ತೆಳ್ಳಗೆ ಹೊಡೆದರೆ ಅದು ಬೂದು ಆಗುವುದಿಲ್ಲ, ಪಾಚಿ ಹಸಿರಾಗುತ್ತದೆ. ಪಟ್ಟಿಯಲ್ಲಿ ಕಪ್ಪು ತೆಳ್ಳಗೇ ಇರುವುದರಿಂದ ಹಸಿರು ಕಾಣುವುದೂ ಸರಿಯಾಗಿ ಅಲ್ಲೇ. ಬಹಳ ಜನರ ಬರ್ಸ್ಟ್ ಯಾಕೋ ರೋಗ ಬಂದಂತೆ ಕಾಣುವುದಕ್ಕೆ ಕಾರಣ ಇದು, ಆದರೆ ಅವರು ಹಳದಿಯನ್ನೇ ಬೈಯುತ್ತಾ ಕೂರುತ್ತಾರೆ. ನಡುವೆ ಕೆಂಪು ಅಥವಾ ಕೆಂಗಂದು ಬಣ್ಣದ ಒಂದು ಹಂತ ಕೊಡಿ. ಎರಡೇ ಬಣ್ಣದ ಬರ್ಸ್ಟ್ ಬೇಕು ಅಂದರೆ ಕಪ್ಪಿನ ಬದಲು ಗಾಢ ಕಂದು ಬಳಸಿ, ಇಲ್ಲವೇ ಕಪ್ಪಿಗೆ ಸ್ವಲ್ಪ ಕೆಂಪು ಡೈ ಬೆರೆಸಿ. ಅದೇ ಜಾತಿಯ ಮರದ ತುಂಡಿನ ಮೇಲೆ, ಹಳದಿಯಿಂದ ಕ್ಲಿಯರ್‌ವರೆಗೆ ಎಲ್ಲ ಹಂತಗಳನ್ನೂ ಹೊಡೆದು, ಹಗಲು ಬೆಳಕಿನಲ್ಲಿ ನೋಡಿ. ಟ್ಯೂಬ್‌ಲೈಟ್ ಕೆಳಗೆ ನೋಡಿ ತೀರ್ಮಾನ ಮಾಡಬೇಡಿ.

ಗನ್ ಹಿಡಿಯುವ ರೀತಿಯಲ್ಲಿ ಅರ್ಧ ಕೆಲಸ ಇದೆ. ಸಣ್ಣ ಟಚ್‌ಅಪ್ ಗನ್, 0.8ರಿಂದ 1 ಮಿಲಿಮೀಟರ್ ನಾಜಲ್, ಕಡಿಮೆ ಒತ್ತಡ. ಗನ್‌ನ ಮೂತಿ ಯಾವಾಗಲೂ ಒಳಗಿನಿಂದ ಹೊರಕ್ಕೆ ಓರೆಯಾಗಿರಲಿ, ಆಗ ಚೆದುರಿದ ಹನಿಗಳು ಗಿಟಾರ್‌ನಿಂದ ಆಚೆ ಹಾರಿಹೋಗುತ್ತವೆ. ಹೊರಗಿನಿಂದ ಒಳಕ್ಕೆ ತಿರುಗಿಸಿದಿರೋ, ಅಂಚಿಗೆ ಅಂತ ಹೊಡೆದ ಕಂದು ನಡುವಿನ ಹಳದಿ ಮೇಲೆಲ್ಲ ಸಣ್ಣ ಸಣ್ಣ ಚುಕ್ಕಿಯಾಗಿ ಕೂರುತ್ತದೆ. ಬಣ್ಣವನ್ನು ತೀರಾ ತೆಳ್ಳಗೆ ಕಲಸಿ. ಒಂದು ಸುತ್ತಿಗೆ ಏನೂ ಆದಂತೆಯೇ ಕಾಣಬಾರದು, ನಾಲ್ಕೈದು ಸುತ್ತಿಗೆ ಮೆಲ್ಲಗೆ ಬಣ್ಣ ಏರಬೇಕು. ಪ್ರತಿ ಸುತ್ತು ಹಿಂದಿನದಕ್ಕಿಂತ ತುಸು ಹೊರಗೆ ಸರಿಯಲಿ. ಪ್ರತಿ ಸಲವೂ ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿ, ಹತ್ತಿರದಿಂದ ಸರಿ ಕಂಡದ್ದು ದೂರದಿಂದ ಸೊಟ್ಟಗಿರುತ್ತದೆ. ಸ್ಪ್ರೇ ಡಬ್ಬಿಯಲ್ಲೇ ಮಾಡುವುದಾದರೆ ಬಾಡಿಯ ಆಕಾರಕ್ಕೆ ರಟ್ಟು ಕತ್ತರಿಸಿ, ಮೇಲ್ಮೈಯಿಂದ ಎರಡು ಮೂರು ಸೆಂಟಿಮೀಟರ್ ಎತ್ತರದಲ್ಲಿ ನಿಲ್ಲಿಸಿ ಹೊಡೆಯಿರಿ. ರಟ್ಟು ಬಾಡಿಗೆ ತಾಗಿದರೆ ಗೆರೆ ಮೂಡುತ್ತದೆ.

ಆಕಾರದ ಬಗ್ಗೆ ಒಂದು ಮಾತು. ಗಾಢ ಭಾಗ ಸುತ್ತಲೂ ಒಂದೇ ಅಗಲ ಇದ್ದರೆ ಬಾಡಿ ಕಿರಿದಾಗುವ ಸೊಂಟದ ಹತ್ತಿರ ಹಳದಿ ಹಿಂಡಿದಂತಾಗುತ್ತದೆ. ಅಲ್ಲಿ ಕಂದನ್ನು ಕಿರಿದು ಮಾಡಿ, ಕುತ್ತಿಗೆಯ ಅಕ್ಕಪಕ್ಕ ಚಾಚಿದ ಕೊಂಬುಗಳ ತುದಿಯಲ್ಲಿ ಜಾಸ್ತಿ ಕೊಡಿ. ಪಿಕ್‌ಗಾರ್ಡ್ (ಬಾಡಿಗೆ ಗೀರು ಬೀಳದಂತೆ ಕಾಯುವ ತಟ್ಟೆ) ಇರುವ ಗಿಟಾರ್ ಆದರೆ ಅದನ್ನು ಬಾಡಿ ಮೇಲೆ ಸುಮ್ನೆ ಇಟ್ಟು ನೋಡಿ. ಸ್ಟ್ರಾಟೋಕಾಸ್ಟರ್‌ನ ಪಿಕ್‌ಗಾರ್ಡ್ ಹಳದಿಯ ದೊಡ್ಡ ಭಾಗವನ್ನೇ ನುಂಗುತ್ತದೆ, ಹಾಗಾಗಿ ಕಪ್ಪನ್ನು ಇನ್ನಷ್ಟು ಹೊರಗೆ ತಳ್ಳಬೇಕಾಗುತ್ತದೆ.

ಗನ್ ಇಲ್ಲವಾ? ಬಟ್ಟೆಯಲ್ಲೂ ಆಗುತ್ತದೆ. 1920ರ ದಶಕದ ಗಿಬ್ಸನ್ ಎಫ್-5 ಮ್ಯಾಂಡೋಲಿನ್‌ಗಳ ಬರ್ಸ್ಟ್ ಕೈಯಲ್ಲಿ ಉಜ್ಜಿದ್ದೇ. ನೀರಿನಲ್ಲಿ ಕರಗುವ ಡೈ ತೆಗೆದುಕೊಳ್ಳಿ, ಆಲ್ಕೋಹಾಲ್‌ನದು ಬೇಗ ಒಣಗಿ ಗೆರೆ ಉಳಿಸುತ್ತದೆ. ಹಳದಿ ಹಸಿ ಇರುವಾಗಲೇ ಅಂಚಿನಿಂದ ಕಂದು ಹಚ್ಚುತ್ತಾ ಬಂದು, ಇವು ಸೇರುವ ಜಾಗವನ್ನು ಹಳದಿ ಡೈಯಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ತಿರುತಿರುಗಿ ಉಜ್ಜಿ. ಮೇಪಲ್ ಮೇಲೆ ಚೆನ್ನಾಗಿ ಬರುತ್ತದೆ. ಪೈನ್ ಮೇಲೆ ಬೇಡ, ಕಲೆ ಕಲೆಯಾಗುತ್ತದೆ.

ಡೈ ಒಣಗಿದಾಗ ಮಂಕಾಗಿ, ಸತ್ತಂತೆ ಕಾಣುತ್ತದೆ. ಗಾಬರಿಯಾಗಿ ಇನ್ನಷ್ಟು ಸುರಿಯಬೇಡಿ, ಕ್ಲಿಯರ್ ಬಿದ್ದ ತಕ್ಷಣ ಬಣ್ಣ ಏಳುತ್ತದೆ. ನೈಟ್ರೋ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ವರ್ಷ ಕಳೆದಂತೆ ತಾನೇ ಹಳದಿಯಾಗುತ್ತದೆ, ಅದಕ್ಕೆ ನಡುವಿನ ಹಳದಿಯನ್ನು ಒಂದು ಚೂರು ತಿಳಿಯಾಗಿಯೇ ಇಡಿ. ಬೈಂಡಿಂಗ್ (ಬಾಡಿಯ ಅಂಚಿಗೆ ಕೂರಿಸಿದ ತೆಳು ಅಲಂಕಾರದ ಎಳೆ) ಮೇಲೆ ಬಿದ್ದ ಬಣ್ಣವನ್ನು ಕ್ಲಿಯರ್‌ಗೆ ಮೊದಲೇ ಬ್ಲೇಡ್‌ನಿಂದ ಕೆರೆಯಿರಿ. ಮೊದಲ ಒಂದೆರಡು ಕ್ಲಿಯರ್ ಕೋಟ್ ತೀರಾ ಹಗುರವಾಗಿರಲಿ, ಒದ್ದೆಯಾಗಿ ಹೊಡೆದರೆ ಥಿನ್ನರ್ ಕೆಳಗಿನ ಬಣ್ಣವನ್ನು ಎಳೆದು ಅಷ್ಟು ಕಷ್ಟಪಟ್ಟ ಪಟ್ಟಿಯನ್ನು ಕದಡುತ್ತದೆ. ಬಣ್ಣದ ಕೋಟ್‌ಗಳ ನಡುವೆ ಸ್ಯಾಂಡ್ ಪೇಪರ್ ಮುಟ್ಟಬೇಡಿ. ಲ್ಯಾಕರ್ ಬೆಂಕಿಗೆ ಹತ್ತುವ ವಸ್ತು, ಹತ್ತಿರ ಕಿಡಿ ಬೇಡ, ಗಾಳಿ ಆಡಬೇಕು. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಆವಿ ತಡೆಯುವ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಹಾಕಿ.

ಕೆಲವು ವಾರ ಗಟ್ಟಿಯಾಗಲು ಬಿಟ್ಟು 1000, 1500, 2000ರ ಸ್ಯಾಂಡ್ ಪೇಪರ್‌ನಲ್ಲಿ ನೀರು ಹಾಕಿ ಉಜ್ಜಿ, ಆಮೇಲೆ ಬಫ್ ಮಾಡಿ ಹೊಳಪು ತನ್ನಿ. ಅಂಚಿನ ತಿರುವಿನಲ್ಲಿ ಮಾತ್ರ ಒತ್ತಬೇಡಿ. ಲ್ಯಾಕರ್ ಅಲ್ಲೇ ತೆಳ್ಳಗಿರುತ್ತದೆ, ಸವೆದು ಕಂದು ಹೋಯಿತೋ, ಕೆಳಗಿನ ಹಳದಿ ಇಣುಕುತ್ತದೆ, ಮತ್ತೆ ಗನ್ ಹಿಡಿಯಬೇಕಾಗುತ್ತದೆ.