ಮೊದಲ ನಲವತ್ತು ಪ್ಯಾಕೆಟ್: ವ್ಯಾಪಾರ ಗೊತ್ತಿಲ್ಲದವರು ಶುರು ಮಾಡುವ ಬಗೆ

ಹೊಸದಾಗಿ ವ್ಯಾಪಾರಕ್ಕೆ ಇಳಿದವರು ತಮಗೆ ಗೊತ್ತಿಲ್ಲ ಅನ್ನುವುದನ್ನು ಮುಚ್ಚಿಡಲು ಹೋಗಿಯೇ ದುಡ್ಡು ಕಳೆದುಕೊಳ್ಳುತ್ತಾರೆ. ಮೊದಲ ವಾರವೇ ಸಾವಿರ ಲೇಬಲ್ ಅಚ್ಚು ಹಾಕಿಸುತ್ತಾರೆ. ಅದರ ಬದಲು ಗೊತ್ತಿಲ್ಲದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಪ್ರಶ್ನೆಯಾಗಿ ಬರೆದಿಡಿ. ಮನೆಯಲ್ಲಿ ಚಟ್ನಿಪುಡಿ ಮಾಡಿ ಮಾರುವುದನ್ನೇ ನೋಡೋಣ.

ಮೊದಲ ಸಲ 4 ಕೆ.ಜಿ. ಸಾಕು, ತಲಾ 100 ಗ್ರಾಂನ 40 ಪ್ಯಾಕೆಟ್. ಉದಾಹರಣೆಗೆ ಸಾಮಾನಿಗೆ ₹1,200, ಪೌಚ್ ಮತ್ತು ಲೇಬಲ್‌ಗೆ ₹320, ಮಿಲ್ಲಿಗೆ ₹120, ಗ್ಯಾಸಿಗೆ ₹100, ಯಶವಂತಪುರದ ಮಂಡಿಗೆ ಹೋಗಿಬರಲು ₹260 ಆಯಿತೆನ್ನಿ. ಒಟ್ಟು ₹2,000, ಪ್ಯಾಕೆಟ್ಟಿಗೆ ₹50. ₹80ಕ್ಕೆ ಮಾರಿದರೆ ₹30 ಲಾಭ ಅನ್ನಿಸುತ್ತದೆ. ಆದರೆ ನಿಮ್ಮ ಆರು ಗಂಟೆ ದುಡಿಮೆಗೆ ಗಂಟೆಗೆ ₹100 ಹಿಡಿಯಿರಿ, ಅಸಲು ₹65 ಆಯಿತು. ಅಂಗಡಿಯವರು ಶೇ. 20 ಇಟ್ಟುಕೊಂಡರೆ ಕೈಗೆ ಬರುವುದು ₹64. ಪ್ಯಾಕೆಟ್ಟಿಗೊಂದು ರೂಪಾಯಿ ನಷ್ಟ! ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ: ತಮ್ಮ ಕೂಲಿ, ಓಡಾಟದ ಖರ್ಚು ಎರಡನ್ನೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಅಂಗಡಿಗೆ ಸಂಜೆ ಗಿರಾಕಿಗಳ ನೂಕುನುಗ್ಗಲಿನಲ್ಲಿ ಹೋಗಬೇಡಿ, ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ. "ಅಣ್ಣ, ಈ ವ್ಯಾಪಾರಕ್ಕೆ ಹೊಸಬಳು. ಹತ್ತು ಪ್ಯಾಕೆಟ್ ಇಟ್ಟು ನೋಡ್ತೀರಾ?" ಎಂದು ನೇರವಾಗಿ ಕೇಳಿ. ಹೊಸಬರೆಂದು ಗೊತ್ತಾದರೆ ಗಲ್ಲಾದ ಹಿಂದೆ ಕೂತವರು ಎಷ್ಟೋ ವಿಷಯ ತಾವಾಗಿಯೇ ಹೇಳಿಕೊಡುತ್ತಾರೆ. ಉಳಿದ ಮಾಲು ಯಾರ ಲೆಕ್ಕಕ್ಕೆ, ದುಡ್ಡು ಎಷ್ಟು ದಿನಕ್ಕೆ ಅನ್ನುವುದನ್ನು ಮಾತ್ರ ಅಂದೇ ಕೇಳಿ ಬರೆದುಕೊಳ್ಳಿ.

ನೆಂಟರಿಗೆ ಬಿಟ್ಟಿ ಕೊಟ್ಟು ರುಚಿ ಕೇಳಿದರೆ "ಚೆನ್ನಾಗಿದೆ" ಬಿಟ್ಟು ಬೇರೆ ಉತ್ತರ ಸಿಗದು. ದುಡ್ಡು ಕೊಟ್ಟವರನ್ನು ಹತ್ತು ದಿನ ಬಿಟ್ಟು ಕೇಳಿ: ಖಾಲಿಯಾಯಿತೇ? ಯಾವುದರ ಜೊತೆ ತಿಂದಿರಿ?

ಪುಡಿ ಪೂರ್ತಿ ಆರದೆ ಪ್ಯಾಕ್ ಮಾಡಿದರೆ ಒಳಗೆ ಹಬೆ ನಿಂತು ಗಂಟು ಕಟ್ಟುತ್ತದೆ. ಒಣಕೊಬ್ಬರಿ ಹಳೆಯದಾದರೆ ಬೇಗ ಕಮಟು ವಾಸನೆ ಬರುತ್ತದೆ. ಮೂರು ಪ್ಯಾಕೆಟ್ ಎತ್ತಿಟ್ಟು 7, 15, 30ನೇ ದಿನ ಒಂದೊಂದನ್ನು ಒಡೆದು ನೋಡಿ. ಎಷ್ಟು ದಿನ ಕೆಡುವುದಿಲ್ಲ ಎಂದು ಲೇಬಲ್ ಮೇಲೆ ಊಹಿಸಿ ಬರೆಯಬಾರದು.

ಮನೆಯ ಅಡುಗೆಮನೆಯಾದರೂ ಮಾರುವ ಮೊದಲು ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತ, ಅದಕ್ಕೆ ಶುಲ್ಕ ಕೇಳುವವರನ್ನು ನಂಬಬೇಡಿ. ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ, ಬೇರೆ ಕ್ಯೂಆರ್ ಕೋಡ್ ಇಡಿ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ, ಮನೆಯ ದುಡ್ಡೂ ವ್ಯಾಪಾರದ ದುಡ್ಡೂ ಒಂದೇ ಖಾತೆಯಲ್ಲಿದ್ದವರಿಗೆ ಲೆಕ್ಕ ಬಿಡಿಸಿ ತೋರಿಸುವುದೇ ತಲೆನೋವಾಯಿತು.

ಎರಡನೇ ಬ್ಯಾಚಿನಲ್ಲಿ ಒಂದನ್ನೇ ಬದಲಿಸಿ: ಖಾರ, ಇಲ್ಲವೇ ಬೆಲೆ, ಇಲ್ಲವೇ ಪೌಚ್. ಮೂರನ್ನೂ ಒಟ್ಟಿಗೆ ಬದಲಿಸಿದರೆ ಮಾರಾಟ ಏರಿದ್ದು, ಇಳಿದದ್ದು ಯಾವುದರಿಂದ ಎಂದು ತಿಳಿಯುವುದೇ ಇಲ್ಲ.