ಮೊದಲ ಆನಿಮೇಷನ್ ಯಾವಾಗ ತೋರಿಸಬೇಕು, ಏನು ಕೇಳಬೇಕು

ನನ್ನ ಮೊದಲ ಕ್ಯಾರೆಕ್ಟರ್ ಒಂದು ಭಾರದ ಪೆಟ್ಟಿಗೆ ಎತ್ತುತ್ತಿತ್ತು. ಮೂರು ವಾರ ತಿದ್ದಿ ತೀಡಿ, ಲೈಟಿಂಗ್ ಕೂಡ ಮುಗಿಸಿ ಗೆಳೆಯನಿಗೆ ತೋರಿಸಿದೆ. "ಪೆಟ್ಟಿಗೆ ಖಾಲಿನಾ?" ಅಂತ ಕೇಳಿದ. ಅಷ್ಟು ಹೊತ್ತಿಗೆ ಪೋಸ್ ಗುರುತಿಸುವ ನೂರಾರು ಕೀಫ್ರೇಮ್‌ಗಳು ಸೇರಿದ್ದವು. ಬಿಚ್ಚಿ ಸರಿಮಾಡುವುದು ತುಂಬಾ ಕಷ್ಟವಾಯಿತು.

ಅದಕ್ಕೇ ಬ್ಲಾಕಿಂಗ್ ಹಂತದಲ್ಲೇ ತೋರಿಸಿ. ಅಂದರೆ ಮುಖ್ಯ ಪೋಸ್‌ಗಳು ಮಾತ್ರ, ಸ್ಟೆಪ್ಡ್ ಕೀಗಳಲ್ಲಿ (ನಡುವಿನ ಚಲನೆ ಇಲ್ಲದೆ ಒಂದು ಪೋಸ್‌ನಿಂದ ಇನ್ನೊಂದಕ್ಕೆ ನೇರ ಜಿಗಿಯುವ ಹಾಗೆ). ಬೂದು ಬಣ್ಣದ ವ್ಯೂಪೋರ್ಟ್ (ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುವಾಗ ದೃಶ್ಯ ಕಾಣುವ ಕಿಟಕಿ) ವಿಡಿಯೊ ಸಾಕು. ಮೂಲೆಯಲ್ಲಿ ಫ್ರೇಮ್ ನಂಬರ್ ಮಾತ್ರ ಇರಲೇಬೇಕು. 3D ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಾದರೆ ಔಟ್‌ಪುಟ್ ಪ್ರಾಪರ್ಟೀಸ್‌ನ ಮೆಟಾಡೇಟಾ ಭಾಗದಲ್ಲಿ ಅದನ್ನು ಆನ್ ಮಾಡಬಹುದು.

"ಹೇಗಿದೆ?" ಅಂತ ಸುಮ್ನೆ ಕೇಳಿದರೆ "ಚೆನ್ನಾಗಿದೆ" ಅಂತಾರೆ, ಅಲ್ವಾ? ಬಿಡಿಸಿ ಕೇಳಿ: "ಫ್ರೇಮ್ 18ರಿಂದ 30ರವರೆಗೆ ಭಾರ ಸೊಂಟಕ್ಕೆ ಬಿದ್ದ ಹಾಗೆ ಕಾಣುತ್ತಾ?" ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಅದು ಅರ್ಧ ಸೆಕೆಂಡ್ ಅಷ್ಟೇ. ಆದರೆ ಭಾರ ಗೊತ್ತಾಗುವುದು ಅಲ್ಲೇ.

ಆನಿಮೇಷನ್ ಗೊತ್ತಿಲ್ಲದ ಒಬ್ಬರಿಗೂ ತೋರಿಸಿ. ಏನೂ ವಿವರಿಸಬೇಡಿ. ನೋಡಿದ್ದನ್ನು ಅವರೇ ಹೇಳಲಿ. ಅವರು ಸೂಚಿಸುವ ಪರಿಹಾರ ತಪ್ಪಿರಬಹುದು, ಆದರೆ ಎಡವಿದ ಜಾಗ ಸಾಮಾನ್ಯವಾಗಿ ನಿಜವೇ. ಇಬ್ಬರು ಒಂದೇ ಫ್ರೇಮ್ ತೋರಿಸಿದರಂತೂ ಮೊದಲು ಅಲ್ಲೇ ಕೈ ಹಾಕಿ.

ನಾನು ಕೊನೆಗೆ ಕೈಗಳನ್ನು ಮುಟ್ಟಲೇ ಇಲ್ಲ. ಸೊಂಟ 4 ಫ್ರೇಮ್ ಮೊದಲೇ ಕೆಳಗಿಳಿಯುವ ಹಾಗೆ ಮಾಡಿದೆ. ಪೆಟ್ಟಿಗೆಗೆ ತೂಕ ಬಂತು.