ಅಣಬೆಗೆ ಹುಲ್ಲು ಹದಗೊಳಿಸುವುದು: ಕಾಯಿಸಿ, ಕುದಿಸಬೇಡಿ

ಮನೆಯಲ್ಲೇ ಚಿಪ್ಪು ಅಣಬೆ ಬೆಳೆಯಲು ಹೊರಟವರು ಮೊದಲು ಕೇಳುವುದು ಬೀಜ, ಅಂದರೆ ಕಾಳಿನ ಮೇಲೆ ಬೆಳೆಸಿದ ಅಣಬೆಯ ಎಳೆ, ಎಲ್ಲಿ ಸಿಗುತ್ತದೆ ಅಂತ. ಬೀಜ ಸಿಗುತ್ತದೆ. ಹುಲ್ಲು, ಬೀಜ ಸೇರಿಸಿ ಚೀಲ ತುಂಬಿ ಕಟ್ಟುವುದೂ ದೊಡ್ಡ ಕೆಲಸವಲ್ಲ. ಆದರೆ ಹತ್ತು ದಿನ ಕಳೆಯುವಷ್ಟರಲ್ಲಿ ಚೀಲದೊಳಗೆ ಹಸಿರು ಪುಡಿ ಕಾಣಿಸಿಕೊಂಡರೆ ಎಲ್ಲರೂ ಬೈಯುವುದು ಬೀಜವನ್ನೇ. ಪಾಪ, ಅದರ ತಪ್ಪು ಇರುವುದು ಕಡಿಮೆ. ಒಂದೋ ಹುಲ್ಲಿನ ನಡುಭಾಗಕ್ಕೆ ಶಾಖ ಮುಟ್ಟಿರುವುದಿಲ್ಲ, ಇಲ್ಲವೇ ಕಾಯಿಸಿದ ಹುಲ್ಲನ್ನು ಆರಲು ಹಾಕಿದ ಜಾಗ ಸರಿ ಇರುವುದಿಲ್ಲ.

ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿ ಮನೆಗಳಲ್ಲಿ ಈ ಕೆಲಸಕ್ಕೆ ಬೇಕಾದ್ದೆಲ್ಲ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಹಿತ್ತಲಲ್ಲಿ ರಾಗಿ ಹುಲ್ಲಿನ ಬಣವೆ, ಬಚ್ಚಲಲ್ಲಿ ಹಂಡೆ, ರೇಷ್ಮೆ ಮಾಡುವ ಮನೆಯಾದರೆ ಒಲೆಗೆ ಹಿಪ್ಪುನೇರಳೆ ಕಡ್ಡಿ. ಬೀಜ, ಪ್ಲಾಸ್ಟಿಕ್ ಚೀಲ ಬಿಟ್ಟರೆ ಹೊಸದಾಗಿ ಕೊಳ್ಳಬೇಕಾದ್ದು ಒಂದು ಥರ್ಮಾಮೀಟರ್ ಮಾತ್ರ.

ಯಾಕೆ ಕಾಯಿಸಬೇಕು?

ಒಣಹುಲ್ಲು ನೋಡಲು ಚೊಕ್ಕಟವಾಗಿದ್ದರೂ ಅದರ ಮೇಲೆ ಬೂಸ್ಟಿನ ಬೀಜಕಣಗಳು, ಬ್ಯಾಕ್ಟೀರಿಯಾ, ನೊಣದ ಮೊಟ್ಟೆ ಎಲ್ಲ ಇರುತ್ತವೆ. ನೀರು ಬಿದ್ದ ಕೂಡಲೇ ಅವೆಲ್ಲ ಎದ್ದು ಕೂರುತ್ತವೆ. ಅಣಬೆಯ ಬಿಳಿ ಎಳೆ ಹುಲ್ಲಿನ ತುಂಬ ಹಬ್ಬಲು ಎರಡು ಮೂರು ವಾರ ಬೇಕು. ಹಸಿರು ಬೂಸ್ಟಿಗೆ ಅಷ್ಟು ಪುರುಸೊತ್ತು ಬೇಡ. ಅದಕ್ಕೇ ಅಣಬೆ ಬೇರೂರುವವರೆಗೆ ಎದುರಾಳಿಗಳನ್ನು ಶಾಖದಿಂದ ತಗ್ಗಿಸಿಡಬೇಕು.

ನಂದಿನಿ ಹಾಲಿಗೆ ಮಾಡುವುದೂ ಇದನ್ನೇ. ಡೇರಿಯಲ್ಲಿ ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ 15 ಸೆಕೆಂಡು ಹಿಡಿದರೆ ಪಾಶ್ಚರೀಕರಣ ಆಯಿತು. ತೆಳುವಾಗಿ ಹರಿಯುವ ಹಾಲಿಗೆ ಅಷ್ಟು ಸಾಕು. ಹುಲ್ಲು ಹಾಗಲ್ಲ. ಕಡ್ಡಿಯೊಳಗೆ ಗಾಳಿ ಇರುತ್ತದೆ, ಶಾಖ ನಿಧಾನವಾಗಿ ಇಳಿಯುತ್ತದೆ. ಅದಕ್ಕೆ 65ರಿಂದ 75 ಡಿಗ್ರಿಯಲ್ಲಿ ಪೂರ್ತಿ ಒಂದು ಗಂಟೆ ಬೇಕು. 80 ಮುಟ್ಟಿದರೂ ಚಿಂತೆಯಿಲ್ಲ.

ಹಾಗಾದರೆ ಚೆನ್ನಾಗಿ ಕುದಿಸಿಯೇ ಬಿಡೋಣ, ಪೀಡೆ ಕಳೆಯಿತು ಅನ್ನುವವರು ಬಹಳ ಜನ. ಇಲ್ಲೇ ಎಡವುವುದು. 70 ಡಿಗ್ರಿಯ ಆಸುಪಾಸಿನಲ್ಲಿ ಬೂಸ್ಟುಗಳು ಸಾಯುತ್ತವೆ, ಶಾಖ ತಡೆಯುವ ಕೆಲವು ಬ್ಯಾಕ್ಟೀರಿಯಾ ಉಳಿಯುತ್ತವೆ. ಅವು ಅಣಬೆಗೆ ತೊಂದರೆ ಕೊಡುವುದಿಲ್ಲ. ಹೊಸದಾಗಿ ಬಂದು ಬೀಳುವ ಬೂಸ್ಟಿಗೆ ಮಾತ್ರ ಸುಲಭವಾಗಿ ಜಾಗ ಬಿಡುವುದಿಲ್ಲ. ಕುದಿಸಿದರೆ ಅವುಗಳಲ್ಲೂ ಹೆಚ್ಚಿನವು ಹೋಗುತ್ತವೆ. ಹುಲ್ಲು ಬೆಂದು ಮೆತ್ತಗಾಗುತ್ತದೆ, ಒಳಗಿನ ಸಿಹಿ ಅಂಶ ಹೊರಗೆ ಬರುತ್ತದೆ. ಆಮೇಲೆ ಗಾಳಿಯಲ್ಲಿ ಬಂದ ಮೊದಲ ಬೂಸ್ಟಿಗೆ ಊಟ ಬಡಿಸಿಟ್ಟ ಖಾಲಿ ಮನೆ ಸಿಕ್ಕಂತೆ. ಪೂರ್ತಿ ಕ್ರಿಮಿಶುದ್ಧಿ ಮಾಡುವುದು ಬೀಜ ತಯಾರಿಸುವ ಪ್ರಯೋಗಾಲಯದ ಕೆಲಸ. ಅಲ್ಲಿ ಒತ್ತಡದ ಪಾತ್ರೆಯಲ್ಲಿ 121 ಡಿಗ್ರಿಗೆ ಏರಿಸಿ, ಆಮೇಲೆ ಗಾಳಿಯನ್ನೂ ಸೋಸಿ ಕೆಲಸ ಮಾಡುತ್ತಾರೆ. ಹಿತ್ತಲಲ್ಲಿ ಅದು ಆಗುವ ಮಾತಲ್ಲ.

ಎಂಥ ಹುಲ್ಲು ಬೇಕು?

ಭತ್ತದ ಹುಲ್ಲು, ರಾಗಿ ಹುಲ್ಲು ಎರಡೂ ಆಗುತ್ತವೆ. ರಾಗಿ ಹುಲ್ಲು ಮೆತ್ತಗೆ, ನೀರು ಜಾಸ್ತಿ ಹಿಡಿದರೆ ಒತ್ತಿಕೊಂಡು ಕೂರುತ್ತದೆ. ಭತ್ತದ ಹುಲ್ಲು ಸಿಕ್ಕರೆ ಅರ್ಧಕ್ಕರ್ಧ ಬೆರೆಸಿಕೊಳ್ಳಿ. ಮುಸುಕಿನ ಜೋಳದ ದಿಂಡನ್ನೂ ಜಜ್ಜಿ ಬಳಸಬಹುದು. ಆದರೆ ಗಟ್ಟಿ ದಿಂಡಿಗೆ ನೆನೆಸುವ ಹೊತ್ತೂ ಕಾಯಿಸುವ ಹೊತ್ತೂ ಹೆಚ್ಚು. ಮೊದಲ ಸಲಕ್ಕೆ ಬೇಡ.

ಯಾವುದೇ ಆಗಲಿ, ಈ ವರ್ಷದ ಸುಗ್ಗಿಯದ್ದಾಗಿರಬೇಕು, ಬಂಗಾರದ ಬಣ್ಣ ಇರಬೇಕು. ಬಣವೆಯ ಹೊರಮೈ ಮಳೆ, ಮಂಜಿಗೆ ನೆನೆದು ಕಪ್ಪಾಗಿರುತ್ತದೆ. ಒಳಗಿನಿಂದ ಎಳೆದುಕೊಳ್ಳಿ. ಪಕ್ಕದ ಮನೆಯಲ್ಲಿ "ಅಣ್ಣಾ, ಒಳಗಿನ ಹುಲ್ಲು ಒಂದು ಹೊರೆ ಕೊಡಿ" ಅಂತ ಕೇಳಿದರೆ "ದನ ತಿನ್ನೋ ಹುಲ್ಲು ಅಣಬೆಗಾ?" ಅಂತ ನಗಬಹುದು. ರಾಗಿ ಹುಲ್ಲಿನ ಬೆಲೆ ನೋಡಿದರೆ ಆ ನಗುವಿಗೂ ಅರ್ಥವಿದೆ. ಬೂಸ್ಟಿನ ವಾಸನೆ ಬಂದರೆ ಮುಲಾಜಿಲ್ಲದೆ ಬಿಟ್ಟುಬಿಡಿ. ಅದನ್ನು ಎಷ್ಟು ಕಾಯಿಸಿದರೂ ಪ್ರಯೋಜನವಿಲ್ಲ.

ಮೇವು ಕತ್ತರಿಸುವ ಮಷಿನ್ ಇದ್ದರೆ ಒಂದೂವರೆ, ಎರಡು ಇಂಚಿನ ತುಂಡು ಮಾಡಿಕೊಳ್ಳಿ. ಉದ್ದ ಹುಲ್ಲು ಚೀಲದಲ್ಲಿ ಸರಿಯಾಗಿ ಕೂರುವುದಿಲ್ಲ, ನಡುವೆ ಪೊಳ್ಳು ಉಳಿಯುತ್ತದೆ. ಕತ್ತರಿಸಿದ ಹುಲ್ಲನ್ನು ಈರುಳ್ಳಿ ತುಂಬುವ ಬಲೆ ಚೀಲಕ್ಕೆ ಸಡಿಲವಾಗಿ ತುಂಬಿ. ರಾತ್ರಿ ಚೊಕ್ಕ ನೀರಿನಲ್ಲಿ ಮುಳುಗಿಸಿಟ್ಟರೆ ಬೆಳಗ್ಗೆಗೆ ಸರಿ. ಎಂಟು ಗಂಟೆ ಧಾರಾಳ. ಒಂದು ದಿನ ದಾಟಿದರೆ ನೀರು ಹುಳಿಯುತ್ತದೆ. ನೆನೆಸುವುದು ಯಾಕೆ ಅಂದರೆ, ಒಣಗಿದ ಬೀಜಕಣಕ್ಕಿಂತ ನೆಂದು ಎಚ್ಚೆತ್ತ ಬೀಜಕಣ ಶಾಖಕ್ಕೆ ಬೇಗ ಸಾಯುತ್ತದೆ. ನೆಂದ ಹುಲ್ಲಿನಲ್ಲಿ ಶಾಖವೂ ಚೆನ್ನಾಗಿ ಹರಿಯುತ್ತದೆ.

ಹಂಡೆಯ ಲೆಕ್ಕ

ಒಂದು ಹಂಡೆಗೆ ಎರಡು ಕೆಜಿ ಒಣಹುಲ್ಲು, 20 ಲೀಟರ್ ನೀರು ಅಂತ ಇಟ್ಟುಕೊಳ್ಳಿ. ಎರಡು ಕೆಜಿ ಹುಲ್ಲು ನೆಂದು ನೀರು ಬಸಿದ ಮೇಲೆ ಆರು ಕೆಜಿಯಷ್ಟು ತೂಗುತ್ತದೆ. ಅದು ತಣ್ಣಗಿನ ಆರು ಕೆಜಿ. 85 ಡಿಗ್ರಿಗೆ ಕಾದ 20 ಲೀಟರ್ ನೀರಿಗೆ ಇಳಿಸಿದರೆ ಎಲ್ಲ ಸೇರಿ 72, 73 ಡಿಗ್ರಿಗೆ ನಿಲ್ಲುತ್ತದೆ. ಸರಿಯಾಗಿ ನಮಗೆ ಬೇಕಾದ ಜಾಗ. ನೀರು ಹತ್ತೇ ಲೀಟರ್ ಇದ್ದರೆ 65ರ ಹತ್ತಿರಕ್ಕೆ ಬೀಳುತ್ತದೆ, ಹಂಡೆ ಎಳೆದುಕೊಂಡ ಶಾಖವೂ ಸೇರಿ ಇನ್ನೂ ಕೆಳಗೆ. ನೀರಿನಲ್ಲಿ ಜಿಪುಣತನ ಮಾಡಬಾರದು ಅನ್ನುವುದು ಇದಕ್ಕೇ. ಬೋರ್‌ವೆಲ್ ಬತ್ತುವ ನಮ್ಮ ಕಡೆ ಹೀಗೆ ಹೇಳಲು ಸಂಕೋಚವೇ. ಆದರೆ ಆ ನೀರು ಹಾಳಾಗುವುದಿಲ್ಲ. ಕಂದು ಬಣ್ಣಕ್ಕೆ ತಿರುಗಿದ ನೀರನ್ನು ಪೂರ್ತಿ ಆರಿಸಿ ಗಿಡಮರಗಳ ಬುಡಕ್ಕೆ ಹಾಕಿ.

ಥರ್ಮಾಮೀಟರ್ ವಿಷಯ. ಜ್ವರ ನೋಡುವುದು ಇಲ್ಲಿ ಕೆಲಸಕ್ಕೆ ಬಾರದು, ಅದು 42 ಡಿಗ್ರಿಗೇ ಮುಗಿಯುತ್ತದೆ. 110 ಡಿಗ್ರಿವರೆಗೆ ಓದುವ, ಉದ್ದ ಕಡ್ಡಿಯಿರುವ ಅಡುಗೆ ಥರ್ಮಾಮೀಟರ್ ಬೇಕು. ತಂದ ದಿನ ಕುದಿಯುವ ನೀರಲ್ಲಿ ಅದ್ದಿ ಪರೀಕ್ಷೆ ಮಾಡಿ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ 900 ಮೀಟರಿನಷ್ಟು ಮೇಲಿದೆ. ಇಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. 97 ತೋರಿಸಿತು ಅಂತ ಅಂಗಡಿಯವನ ಜತೆ ಜಗಳಕ್ಕೆ ಹೋಗಬೇಡಿ, ಅದು ಸರಿಯಾಗೇ ಇದೆ.

ನೀರು 85ಕ್ಕೆ ಬಂದಾಗ ಬಸಿದ ಹುಲ್ಲಿನ ಚೀಲವನ್ನು ನಿಧಾನವಾಗಿ ಇಳಿಸಿ. ಹುಲ್ಲು ತೇಲುತ್ತದೆ. ತೊಳೆದ ಗುಂಡುಕಲ್ಲೊಂದನ್ನು ಮೇಲೆ ಹೇರಿ. ಈಗ ಥರ್ಮಾಮೀಟರ್ ಕಡ್ಡಿಯನ್ನು ಚೀಲದ ನಡುಮಧ್ಯಕ್ಕೆ ಚುಚ್ಚಿ. ಅಂಚಿನ ನೀರಿನಲ್ಲಿ 74 ಇರುವಾಗ ನಡುವೆ ಐವತ್ತೇ ಇರಬಹುದು. ನಡುಭಾಗ 65 ದಾಟಿದ ಮೇಲೆ ಗಡಿಯಾರ ನೋಡಿ, ಅಲ್ಲಿಂದ ಒಂದು ಗಂಟೆ. ಹುಲ್ಲು ಇಳಿಸಿದ ಗಳಿಗೆಯಿಂದ ಲೆಕ್ಕ ಹಾಕುವುದೇ ಮುಕ್ಕಾಲು ಪಾಲು ಹಸಿರು ಚೀಲಗಳಿಗೆ ಕಾರಣ ಅನ್ನುವುದು ನನ್ನ ಅಂದಾಜು.

ಉರಿ ಹಿಡಿತದಲ್ಲಿರಬೇಕು. ಇದಕ್ಕೆ ಹಿಪ್ಪುನೇರಳೆ ಕಡ್ಡಿಯಷ್ಟು ಒಳ್ಳೆಯ ಸೌದೆ ಇಲ್ಲ. ಭಗ್ಗನೆ ಉರಿಯುತ್ತದೆ, ಎಳೆದ ಕೂಡಲೇ ಉರಿ ಇಳಿಯುತ್ತದೆ. ನೀಲಗಿರಿ ಕೊರಡು ಹಾಕಿದರೆ ನೀವು ನಿಲ್ಲಿಸಿದರೂ ಅದು ನಿಲ್ಲುವುದಿಲ್ಲ, ನೋಡನೋಡುತ್ತಾ 90 ದಾಟುತ್ತದೆ. ಹುಲ್ಲು ಇಳಿಸಿದ ಮೇಲೆ ಕಡ್ಡಿಗಳನ್ನೆಲ್ಲ ಹಿಂದೆಳೆದು ಕೆಂಡ ಮಾತ್ರ ಬಿಡಿ. ಹಂಡೆಗೆ ತಟ್ಟೆ ಮುಚ್ಚಿ, ಮೇಲೊಂದು ಒದ್ದೆ ಗೋಣಿಚೀಲ ಹೊದಿಸಿ. ಹದಿನೈದು ನಿಮಿಷಕ್ಕೊಮ್ಮೆ ನೋಡಿ. 65ಕ್ಕೆ ಇಳಿಯುತ್ತಿದೆ ಅನ್ನಿಸಿದರೆ ಎರಡು ಕಡ್ಡಿ ಮುಂದಕ್ಕೆ ತಳ್ಳಿ. ಗ್ಯಾಸ್ ಒಲೆಯಾದರೆ ಸಣ್ಣ ಉರಿ ಸಾಕು. ಸೋಲಾರ್ ನೀರನ್ನೇ ಸುರಿದುಕೊಂಡರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಶುರುವಿಗೆ ಆಗುತ್ತದೆ, ಸೌದೆ ಉಳಿಯುತ್ತದೆ. ಅದೊಂದರಲ್ಲೇ ಮುಗಿಯುವುದಿಲ್ಲ.

ಹತ್ತು ಕೆಜಿ ಹುಲ್ಲು ಒಟ್ಟಿಗೆ ಬೇಕೆಂದರೆ 200 ಲೀಟರ್ ಡ್ರಮ್ಮಿನಲ್ಲಿ ಹಬೆ ಕೊಡುವುದು ಮೇಲು. ತಳದಲ್ಲಿ ಇಟ್ಟಿಗೆ, ಅದರ ಮೇಲೆ ಜಾಲರಿ, ಜಾಲರಿಯ ಕೆಳಗೆ ಅರ್ಧ ಅಡಿ ನೀರು, ಮೇಲೆ ನೆನೆಸಿ ಬಸಿದ ಹುಲ್ಲು. ಮುಚ್ಚಳ ಬಿಗಿಯಬೇಡಿ, ಹಬೆ ಹೋಗಲು ದಾರಿ ಬಿಡಲೇಬೇಕು. ಇಲ್ಲೂ ಲೆಕ್ಕ ನಡುಭಾಗದ್ದೇ. ಅಲ್ಲಿ 65 ಬಂದ ಮೇಲೆ ಎರಡು ಗಂಟೆ ಬಿಡಿ.

ಸೌದೆಯೂ ಇಲ್ಲ, ಗ್ಯಾಸೂ ದುಬಾರಿ ಅನ್ನುವವರಿಗೆ ಸುಣ್ಣದ ದಾರಿ ಇದೆ. 20 ಲೀಟರ್ ನೀರಿಗೆ 100 ಗ್ರಾಂ ಅರಳಿದ ಸುಣ್ಣದ ಪುಡಿ ಕದಡಿ, ಒಣಹುಲ್ಲನ್ನು ಅದರಲ್ಲಿ 16ರಿಂದ 18 ಗಂಟೆ ಮುಳುಗಿಸಿಡುವುದು. ಆ ನೀರಿನ ಕ್ಷಾರಕ್ಕೆ ಹೆಚ್ಚಿನ ಬೂಸ್ಟುಗಳು ತಡೆಯುವುದಿಲ್ಲ. ಕೈಗೆ ರಬ್ಬರ್ ಗ್ಲೌಸ್ ಹಾಕಿ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ಅರಳಿಸದ ಸುಟ್ಟ ಸುಣ್ಣವನ್ನು ನೀರಿಗೆ ಹಾಕಬೇಡಿ, ಕೊತಕೊತ ಕುದಿದು ಮೈಮೇಲೆ ಸಿಡಿಯುತ್ತದೆ. ಫಾರ್ಮಲಿನ್, ಕಾರ್ಬೆಂಡಜಿಮ್ ಎಂಬ ಬೂಸ್ಟು ಕೊಲ್ಲುವ ರಾಸಾಯನಿಕ ಬೆರೆಸಿ ನೆನೆಸುವ ಪದ್ಧತಿಯೂ ಚಾಲ್ತಿಯಲ್ಲಿದೆ. ಮಕ್ಕಳು ಓಡಾಡುವ ಮನೆಗೆ, ಮನೆಯವರೇ ತಿನ್ನುವ ಅಣಬೆಗೆ ಅದು ಬೇಡ ಅನ್ನುವವನು ನಾನು.

ಆರಿಸುವಾಗ ಎಚ್ಚರ

ಗಂಟೆ ಮುಗಿಯಿತು. ಚೀಲವನ್ನು ಬರಿಗೈಯಲ್ಲಿ ಎತ್ತಬೇಡಿ, ಬಾಯಿಗೆ ಗಟ್ಟಿ ಕೋಲು ತೂರಿಸಿ ಇಬ್ಬರು ಎತ್ತಿ. ಎತ್ತರದಲ್ಲಿ ತೂಗುಹಾಕಿ ನೀರು ಬಸಿಯಲು ಬಿಡಿ. ಆಮೇಲೆ ತೊಳೆದು, ಸ್ಪಿರಿಟ್ ಅಥವಾ ಡೆಟಾಲ್ ನೀರಿನಿಂದ ಒರೆಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳುವಾಗಿ ಹರಡಿ. ದನದ ಕೊಟ್ಟಿಗೆಯ ಪಕ್ಕ, ಬಣವೆಯ ಹತ್ತಿರ, ರಾಗಿ ತೂರುವ ಅಂಗಳ ಮೂರೂ ಆಗದು. ಬಾಗಿಲು ಹಾಕಿದ ಕೋಣೆ ಇರಲಿ. ಬೇಗ ಆರಲಿ ಅಂತ ಫ್ಯಾನ್ ಹಾಕುವುದೂ ಬೇಡ. ಮೂಲೆಯ ಧೂಳನ್ನೆಲ್ಲ ಎತ್ತಿ ಹುಲ್ಲಿನ ಮೇಲೆ ಹಾಕಿದಂತೆ ಆಗುತ್ತದೆ.

ಹದ ನೋಡುವುದು ಹೀಗೆ: ಒಂದು ಹಿಡಿ ಹುಲ್ಲು ತೆಗೆದು ಬಲವಾಗಿ ಹಿಂಡಿ. ಬೆರಳಿನ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಸರಿ. ಧಾರೆಯಾಗಿ ಇಳಿದರೆ ಇನ್ನೂ ಆರಬೇಕು. ಹನಿಯೇ ಬಾರದೆ ಅಂಗೈ ಬರೀ ತಣ್ಣಗಾದರೆ ಜಾಸ್ತಿ ಆರಿದೆ, ಕುದಿಸಿ ಆರಿಸಿದ ನೀರು ಚಿಮುಕಿಸಿ. ಶಾಖ 30 ಡಿಗ್ರಿಗಿಂತ ಕೆಳಗಿಳಿಯದೆ ಬೀಜದ ಪೊಟ್ಟಣ ಬಿಚ್ಚಬೇಡಿ. ಮೇಲೆ ತಣ್ಣಗಿದ್ದರೂ ರಾಶಿಯ ಒಳಗೆ ಬಿಸಿ ಅಡಗಿರುತ್ತದೆ.

ಕಾಯಿಸಿದ ಹುಲ್ಲಿಗೆ ಆ ದಿನವೇ ಬೀಜ ಬೀಳಬೇಕು. ಹಾಗಾಗಿ ಬೀಜ ಕೈಗೆ ಬಂದ ಮೇಲೇ ಹುಲ್ಲು ನೆನೆಸಿ. ಚಿಂತಾಮಣಿ ಬಳಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಬೀಜ ತಯಾರಾಗುತ್ತದೆ, ಮೊದಲೇ ಹೇಳಿಟ್ಟರೆ ಒಳ್ಳೆಯದು. ಒಂದು ಕೆಜಿ ಒಣಹುಲ್ಲಿಗೆ 100 ಗ್ರಾಂ ಬೀಜ. ಎರಡು ಕೆಜಿಯ ಹಂಡೆಗೆ 200 ಗ್ರಾಂ, ಎರಡು ಪ್ಲಾಸ್ಟಿಕ್ ಚೀಲ. ಸೋಪಿನಲ್ಲಿ ಕೈ ತೊಳೆದು, ಒಂದು ಪದರ ಹುಲ್ಲು, ಅಂಚಿನ ಸುತ್ತ ಬೀಜ, ಮತ್ತೆ ಹುಲ್ಲು, ಹೀಗೆ ಒತ್ತಿ ತುಂಬಿ ಕಟ್ಟಿ. ಸುತ್ತ ಹತ್ತು ಹನ್ನೆರಡು ಸಣ್ಣ ತೂತು ಮಾಡಿ ಕತ್ತಲ ಕೋಣೆಯಲ್ಲಿ ತೂಗುಹಾಕಿ. ಏಪ್ರಿಲ್, ಮೇ ಬಿಟ್ಟರೆ ಉಳಿದ ತಿಂಗಳು ನಮ್ಮ ಹವೆ ಇದಕ್ಕೆ ಒಗ್ಗುತ್ತದೆ.

ಚೀಲ ಏನು ಹೇಳುತ್ತದೆ?

ಮೊದಲ ವಾರದಲ್ಲೇ ಬೀಜದ ಸುತ್ತ ಬಿಳಿ ಹತ್ತಿಯಂತೆ ಹಬ್ಬಿದರೆ ಕೆಲಸ ಸರಿಯಾಗಿದೆ. ಚೀಲದ ನಡುವಿನಿಂದ ಹಸಿರು ಶುರುವಾದರೆ ಅಲ್ಲಿಗೆ ಶಾಖ ಸಾಲಲಿಲ್ಲ ಅಂತ. ತೂತಿನ ಬಾಯಲ್ಲಿ, ಮೇಲ್ಭಾಗದಲ್ಲಿ ಮಾತ್ರ ಹಸಿರಿದ್ದರೆ ಆರಿಸುವಾಗ ಇಲ್ಲವೇ ತುಂಬುವಾಗ ಸೇರಿಕೊಂಡಿದೆ. ಹುಳಿ ವಾಸನೆ ಬಂದು ತಳದಲ್ಲಿ ಹಳದಿ ನೀರು ನಿಂತಿದ್ದರೆ ನೀರು ಹೆಚ್ಚಾಗಿದೆ. ತಳಕ್ಕೆ ಎರಡು ತೂತು ಮಾಡಿ ಬಸಿಯಿರಿ, ಕೆಲವೊಮ್ಮೆ ಚೇತರಿಸಿಕೊಳ್ಳುತ್ತದೆ. ತೆಳ್ಳಗಿನ ಕಾಂಡದ, ಒಂದೇ ದಿನದಲ್ಲಿ ಕಪ್ಪು ಮಸಿಯಾಗಿ ಕರಗುವ ಅಣಬೆ ಎದ್ದರೆ ಅದೂ ಅರೆಬರೆ ಕಾಯಿಸಿದ ಗುರುತು. ಅದನ್ನು ಕಿತ್ತೆಸೆಯಿರಿ, ತಿನ್ನಲು ಹೋಗಬೇಡಿ.

ಅಂಗೈಯಗಲಕ್ಕಿಂತ ಹೆಚ್ಚು ಹಸಿರಾದ ಚೀಲವನ್ನು ಕೋಣೆಯೊಳಗೆ ಬಿಚ್ಚಲೇಬೇಡಿ. ಕಟ್ಟಿದ ಹಾಗೇ ಹೊರಗೆ ಒಯ್ದು ತಿಪ್ಪೆಯಲ್ಲಿ ಆಳಕ್ಕೆ ಹೂತು, ಪ್ಲಾಸ್ಟಿಕ್ ಮಾತ್ರ ಎಳೆದುಕೊಳ್ಳಿ. ಮುಂದಿನ ಹಂಡೆ ಏರಿಸುವ ಮೊದಲು ಬಲೆ ಚೀಲ, ಹಾಳೆ, ಗುಂಡುಕಲ್ಲು ಮೂರನ್ನೂ ಸೋಪಿನಲ್ಲಿ ತೊಳೆದು ಬಿಸಿಲಿಗೆ ಹಾಕಿ.